ಅರಮನೆಯ ಬೆನ್ನಿಗೊಂದು ಪೆಟ್ಟಿಗೆ

2016ರ ಸೆಪ್ಟೆಂಬರ್ ತಿಂಗಳಲ್ಲಿ ಕೆನಡಾ ದೇಶದ ರಾಜಧಾನಿ ಒಟ್ಟಾವಾದ ನಾಗರಿಕರ ಮುಂದೆ ಒಂದು ಚಿತ್ರ ಬಂದಿತು. ಆ ನಗರದ ಹೆಗ್ಗುರುತಾದ ಶಾಟೊ ಲಾರಿಯೆ ಹೋಟೆಲಿನ ಹಿಂಬದಿಗೆ ಅದರ ಮಾಲೀಕರು ಕಟ್ಟಲು ಹೊರಟಿದ್ದ ಹೊಸ ವಿಭಾಗದ ಚಿತ್ರ ಅದು. ಒಂದು ಪಕ್ಕದಲ್ಲಿ ಚೂಪು ಗೋಪುರಗಳ, ಹಸಿರುಗಟ್ಟಿದ ತಾಮ್ರದ ಮಾಡಿನ, ಶತಮಾನ ಕಂಡ ಕಲ್ಲಿನ ಕಟ್ಟಡ. ಅದರ ಬೆನ್ನಿಗೇ ಒತ್ತಿಕೊಂಡು ಚಪ್ಪಟೆ ತಲೆಯ ಆಯತಾಕಾರದ ಪೆಟ್ಟಿಗೆ. ಹಳೆಯ ಕಟ್ಟಡವನ್ನು ಕೆಡವುವ ಮಾತು ಆ ಯೋಜನೆಯಲ್ಲಿ ಇರಲಿಲ್ಲ. ಹೊಸದನ್ನು ಸೇರಿಸುವ ಮಾತಷ್ಟೇ ಇತ್ತು. ಆದರೂ ಊರಿಗೆ ಊರೇ ಸಿಟ್ಟಾಯಿತು. ಮುಂದಿನ ನಾಲ್ಕು ವರ್ಷ ಆ ಸಿಟ್ಟು ತಣಿಯಲಿಲ್ಲ.

ಈ ಸಿಟ್ಟಿನ ಮೂಲವೇನೆಂದು ಮಲೆನಾಡಿನ ಯಾವ ಊರಿನವರಿಗೂ ವಿವರಿಸಬೇಕಾಗಿಲ್ಲ. ಹೆಂಚಿನ ಮಾಡಿನ, ಮರದ ಕಂಬಗಳ, ಉದ್ದ ಜಗುಲಿಯ ಮನೆಯ ಮುಂದೆ ಸಿಮೆಂಟಿನ ತಾರಸಿಯ ಎರಡು ಕೋಣೆಗಳನ್ನು ಅಂಟಿಸಿದಾಗ ಏನಾಗುತ್ತದೆ ಎಂಬುದನ್ನು ಅವರು ಕಂಡಿದ್ದಾರೆ. ಹಳೆಯ ಮನೆ ಇದ್ದಲ್ಲೇ ಇರುತ್ತದೆ, ಆದರೆ ರಸ್ತೆಯಲ್ಲಿ ನಿಂತವನಿಗೆ ಕಾಣುವುದಿಲ್ಲ. ಜಗುಲಿಗೆ ಬೆಳಕು ಬರುವುದಿಲ್ಲ. ಆಷಾಢದ ಮಳೆ ಹಿಡಿದಾಗ ಹೆಂಚೂ ತಾರಸಿಯೂ ಕೂಡುವ ಜಾಗದಲ್ಲಿಯೇ ಮೊದಲು ಸೋರುತ್ತದೆ. ಹತ್ತು ವರ್ಷ ಕಳೆದ ಮೇಲೆ ‘ಈ ಹಳೆಯ ಭಾಗದ್ದೇ ಕಿರಿಕಿರಿ, ತೆಗೆದುಬಿಡೋಣ’ ಎಂಬ ಮಾತು ಆ ಮನೆಯಲ್ಲಿಯೇ ಹುಟ್ಟುತ್ತದೆ.

ಆದರೂ ಕೆನಡಾದ ಐಷಾರಾಮಿ ಹೋಟೆಲೊಂದರ ಕಥೆ ಬೆಟ್ಟದ ತಪ್ಪಲಿನ ಅಡಿಕೆ ಬೆಳೆಗಾರನಿಗೂ ಕಾಲೇಜಿನ ವಿದ್ಯಾರ್ಥಿಗೂ ಏಕೆ ಎಂದು ಓದುಗರು ಕೇಳಬಹುದು. ಆ ಹೋಟೆಲಿನಲ್ಲಿ ತಂಗುವ ಯೋಗ ಅವರಲ್ಲಿ ಯಾರಿಗೂ ಬರಲಿಕ್ಕಿಲ್ಲ. ಕಥೆ ಬೇಕಾಗಿರುವುದು ಹೋಟೆಲಿಗಾಗಿ ಅಲ್ಲ, ಅಲ್ಲಿ ಅನುಸರಿಸಿದ ಕ್ರಮಕ್ಕಾಗಿ. ಮೊದಲು ಒಪ್ಪಿಗೆ, ಆಮೇಲೆ ಷರತ್ತು. ಷರತ್ತು ಈಡೇರಿತೇ ಎಂದು ನೋಡುವ ಕೆಲಸ ಅಧಿಕಾರಿಯದು. ಜನರ ಕಣ್ಣಿಗೆ ಕೊನೆಯ ನಕ್ಷೆ ಬೀಳುವ ಹೊತ್ತಿಗೆ ಕೈಮೀರಿದ ಸ್ಥಿತಿ. ಅಣೆಕಟ್ಟು, ಗಣಿ, ವಿದ್ಯುತ್ ಮಾರ್ಗ, ರೆಸಾರ್ಟುಗಳ ವಿಷಯದಲ್ಲಿ ಪಶ್ಚಿಮ ಘಟ್ಟದ ಜನ ಇದೇ ಕ್ರಮವನ್ನು ಉಂಡು ಬಲ್ಲರು. ಅದೇ ಕ್ರಮ ಶ್ರೀಮಂತ ದೇಶವೊಂದರ ರಾಜಧಾನಿಯಲ್ಲಿ, ಸಂಸತ್ ಭವನದ ಪಕ್ಕದಲ್ಲಿ, ಹಾಡಹಗಲೇ ನಡೆಯಿತು.

ಉದ್ಯಾನದ ನೆಲ, ರೈಲಿನ ಹೋಟೆಲು

ಒಟ್ಟಾವಾ ನದಿಯ ದಡದ ಗುಡ್ಡದ ಮೇಲೆ ಕೆನಡಾದ ಸಂಸತ್ ಭವನವಿದೆ. ಅದರ ಮಗ್ಗುಲಲ್ಲಿ ರಿಡೋ ಕಾಲುವೆ ಎಂಟು ಮೆಟ್ಟಿಲಿನ ಜಲದ್ವಾರಗಳ ಮೂಲಕ ನದಿಗೆ ಇಳಿಯುತ್ತದೆ. 1826ರಿಂದ 1832ರವರೆಗೆ ಕರ್ನಲ್ ಜಾನ್ ಬೈ ಎಂಬ ಸೈನ್ಯಾಧಿಕಾರಿಯ ಉಸ್ತುವಾರಿಯಲ್ಲಿ ಕಟ್ಟಿದ ಈ ಕಾಲುವೆ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಲುವೆಯ ಆಚೆ ದಡದ ದಿಬ್ಬವೇ ಮೇಜರ್ಸ್ ಹಿಲ್. 1870ರ ದಶಕದಿಂದ ಅದು ಸಾರ್ವಜನಿಕ ಉದ್ಯಾನ. ಶಾಟೊ ಲಾರಿಯೆ ಹೋಟೆಲು ನಿಂತಿರುವ ನೆಲ ಒಂದು ಕಾಲಕ್ಕೆ ಈ ಉದ್ಯಾನದ್ದೇ ಭಾಗವಾಗಿತ್ತು. ಗ್ರ್ಯಾಂಡ್ ಟ್ರಂಕ್ ರೈಲ್ವೆ ಕಂಪನಿಗೆ ತನ್ನ ರೈಲು ನಿಲ್ದಾಣದ ಎದುರು ಹೋಟೆಲು ಬೇಕಿತ್ತು. ಊರಿನ ಉದ್ಯಾನದ ಒಂದು ಅಂಚು ಕಂಪನಿಯ ಪಾಲಾಯಿತು. ‘ಖಾಸಗಿ ಆಸ್ತಿ, ಮಾಲೀಕನ ಇಷ್ಟ’ ಎಂಬ ವಾದ ಮುಂದೆ ಬಂದಾಗಲೆಲ್ಲ ಈ ಸಂಗತಿಯನ್ನು ನೆನಪಿಡಬೇಕು.

ಕಟ್ಟಡವೇನೋ ಒಳ್ಳೆಯದೇ ಆಯಿತು. ಮಾಂಟ್ರಿಯಲ್ ನಗರದ ರಾಸ್ ಮತ್ತು ಮ್ಯಾಕ್‌ಫಾರ್ಲೇನ್ ಎಂಬ ವಾಸ್ತುಶಿಲ್ಪಿಗಳು ಫ್ರಾನ್ಸಿನ ಹಳೆಯ ಕೋಟೆಮನೆಗಳ ಮಾದರಿಯಲ್ಲಿ ಅದನ್ನು ರೂಪಿಸಿದರು. ಇಂಡಿಯಾನಾದಿಂದ ತಂದ ತಿಳಿಬಣ್ಣದ ಸುಣ್ಣಕಲ್ಲಿನ ಗೋಡೆ, ಕಡಿದಾದ ತಾಮ್ರದ ಮಾಡು, ಮಾಡಿನ ನಡುವೆ ಇಣುಕುವ ಕಿಟಕಿಗಳು, ಮೂಲೆ ಮೂಲೆಗೆ ಗೋಪುರ. ಸಂಸತ್ ಭವನದ ಗೋಥಿಕ್ ಶೈಲಿಯ ಚೂಪು ಮಾಡುಗಳಿಗೆ ಎದುರಾಗಿ ನಿಲ್ಲುವ ಕಟ್ಟಡಕ್ಕೆ ಅವುಗಳೊಡನೆ ಜಗಳವಾಡದ ಆಕಾರ ದೊರೆಯಿತು. ಮಾಜಿ ಪ್ರಧಾನಿ ಸರ್ ವಿಲ್ಫ್ರಿಡ್ ಲಾರಿಯೆ ಅವರ ಹೆಸರನ್ನು ಇಟ್ಟರು. 1912ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಗಬೇಕಿತ್ತು. ರೈಲ್ವೆ ಕಂಪನಿಯ ಅಧ್ಯಕ್ಷ ಚಾರ್ಲ್ಸ್ ಮೆಲ್ವಿಲ್ ಹೇಸ್ ಇಂಗ್ಲೆಂಡಿನಿಂದ ಹಿಂದಿರುಗಲು ಟೈಟಾನಿಕ್ ಹಡಗು ಹತ್ತಿದ್ದರು. ಹಡಗಿನೊಡನೆ ಅವರೂ ಮುಳುಗಿದರು. ಹೋಟೆಲಿನ ಬಾಗಿಲು ತೆರೆದದ್ದು ಜೂನ್‌ನಲ್ಲಿ.

ಆ ಮೇಲಿನ ನೂರು ವರ್ಷ ಕೆನಡಾದ ಸಾರ್ವಜನಿಕ ಬದುಕಿನ ಅರ್ಧ ಭಾಗ ಅದರ ಪಡಸಾಲೆಯಲ್ಲಿ ನಡೆಯಿತೆಂದರೆ ಉತ್ಪ್ರೇಕ್ಷೆ ಸ್ವಲ್ಪವೇ. 1930ರಿಂದ 1935ರವರೆಗೆ ಪ್ರಧಾನಿಯಾಗಿದ್ದ ಆರ್.ಬಿ. ಬೆನೆಟ್ ಅಲ್ಲಿಯೇ ವಾಸವಾಗಿದ್ದರು. ಆಕಾಶವಾಣಿ ಕೇಂದ್ರವೊಂದು 1924ರಿಂದ 2004ರವರೆಗೆ ಆ ಕಟ್ಟಡದಿಂದ ಪ್ರಸಾರ ಮಾಡಿತು. ಚರ್ಚಿಲ್ಲರ ಸಿಡುಕುಮುಖದ ಜಗತ್ಪ್ರಸಿದ್ಧ ಛಾಯಾಚಿತ್ರವನ್ನು 1941ರಲ್ಲಿ ತೆಗೆದ ಯೂಸುಫ್ ಕಾರ್ಶ್ 1973ರಿಂದ 1992ರವರೆಗೆ ತಮ್ಮ ಸ್ಟುಡಿಯೊವನ್ನು ಅಲ್ಲಿಯೇ ಇಟ್ಟುಕೊಂಡಿದ್ದರು. ಅವರು ಹೋಟೆಲಿಗೆ ಕೊಟ್ಟಿದ್ದ ಅದೇ ಚರ್ಚಿಲ್ ಚಿತ್ರ ಕಳುವಾಗಿ ಅದರ ಜಾಗದಲ್ಲಿ ನಕಲು ಪ್ರತಿ ತೂಗುತ್ತಿದೆಯೆಂದು 2022ರ ಆಗಸ್ಟಿನಲ್ಲಿ ಗೊತ್ತಾಯಿತು. ಎರಡು ದೇಶಗಳ ಪೊಲೀಸರು ಹುಡುಕಾಡಿ, 2024ರಲ್ಲಿ ಇಟಲಿಯಿಂದ ಅದನ್ನು ಮರಳಿ ತಂದರು. ಚೌಕಟ್ಟಿನೊಳಗಿನ ಒಂದು ಚಿತ್ರ ಕದ್ದರೆ ಅದು ಅಪರಾಧ. ಸಾವಿರಾರು ಜನ ದಿನವೂ ಉದ್ಯಾನದಲ್ಲಿ ನಿಂತು ನೋಡುವ ನೋಟವನ್ನೇ ಅಪಹರಿಸಿದರೆ ಅದಕ್ಕೆ ‘ಹೂಡಿಕೆ’ ಎಂಬ ಹೆಸರು.

1920ರ ದಶಕದಲ್ಲಿಯೂ ಈ ಹೋಟೆಲಿಗೆ ದೊಡ್ಡ ಸೇರ್ಪಡೆಯೊಂದು ನಡೆದಿತ್ತು. ಆ ಹೊತ್ತಿಗೆ ಗ್ರ್ಯಾಂಡ್ ಟ್ರಂಕ್ ಕಂಪನಿ ದಿವಾಳಿಯಾಗಿ ಸರ್ಕಾರಿ ರೈಲ್ವೆಯಲ್ಲಿ ವಿಲೀನವಾಗಿತ್ತು. ಕೋಣೆಗಳು ಸಾಲದೆ ಬಂದಾಗ ಪೂರ್ವದ ಕಡೆಗೆ ಹೊಸ ವಿಭಾಗ ಕಟ್ಟಿದರು. 1929ರಲ್ಲಿ ಅದು ಮುಗಿಯಿತು. ಜಾನ್ ಆರ್ಚಿಬಾಲ್ಡ್, ಜಾನ್ ಸ್ಕೋಫೀಲ್ಡ್ ಎಂಬ ಬೇರೆಯೇ ವಾಸ್ತುಶಿಲ್ಪಿಗಳು, ಬೇರೆಯೇ ಮಾಲೀಕರು. ಆದರೆ ಅದೇ ಬಗೆಯ ಕಲ್ಲು, ಅದೇ ಮಾಡು, ಮೊದಲಿನ ಗೋಪುರಗಳಿಗೆ ಅಡ್ಡ ಬಾರದ ಎತ್ತರ. ಇಂದು ಆ ಕಟ್ಟಡವನ್ನು ನೋಡುವವನಿಗೆ 1912 ಎಲ್ಲಿ ಮುಗಿದು 1929 ಎಲ್ಲಿ ಮೊದಲಾಯಿತೆಂದು ಹುಡುಕಬೇಕಾಗುತ್ತದೆ. ಪಾರಂಪರಿಕ ಕಟ್ಟಡಕ್ಕೆ ಏನನ್ನೂ ಸೇರಿಸಬಾರದೆಂಬ ಹಟ ಒಟ್ಟಾವಾದಲ್ಲಿ ಯಾರಿಗೂ ಇರಲಿಲ್ಲ ಎನ್ನುವುದಕ್ಕೆ ಈ ವಿಭಾಗವೇ ಸಾಕ್ಷಿ. ಮತ್ತೊಂದು ಮಾತು. ಹೊಸ ಪೆಟ್ಟಿಗೆಗೆ ಆರಿಸಿಕೊಂಡ ಜಾಗದಲ್ಲಿ ಹಿಂದೆ ಇದ್ದದ್ದು 1960ರ ದಶಕದ ಕಾಂಕ್ರೀಟು ವಾಹನ ನಿಲುಗಡೆ ಕಟ್ಟಡ. ಅದು ಹೋಗಲಿ ಎಂದು ಎಲ್ಲರೂ ಹರಸಿದವರೇ. ಅಲ್ಲಿ ಏನನ್ನೂ ಕಟ್ಟಬೇಡಿ ಎಂದು ವಿರೋಧಿಗಳು ಹೇಳಲಿಲ್ಲ. ಇಂಥದನ್ನು ಕಟ್ಟಬೇಡಿ ಎಂದರು.

ಮೊದಲು ಒಪ್ಪಿಗೆ, ಆಮೇಲೆ ನಕ್ಷೆ

ಶಾಟೊ ಲಾರಿಯೆಗೆ ಬಿರುದುಗಳ ಕೊರತೆ ಇಲ್ಲ. 1981ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಕೇಳಲು ಭಾರವಾದ ಪದವಿ. ಆದರೆ ಖಾಸಗಿ ಒಡೆತನದ ಕಟ್ಟಡದ ಒಂದು ಇಟ್ಟಿಗೆಯನ್ನು ಕಾಯುವ ಶಕ್ತಿಯೂ ಅದಕ್ಕಿಲ್ಲ. ಆ ಪದವಿ ಗೌರವಸೂಚಕ ಮಾತ್ರ. ನಿಜವಾದ ಕಾನೂನುಬಲ ಇರುವುದು ಒಂಟಾರಿಯೊ ಪ್ರಾಂತ್ಯದ ಪರಂಪರೆ ಕಾಯ್ದೆಗೆ. ಅದರಡಿ ಒಟ್ಟಾವಾ ನಗರಪಾಲಿಕೆ 1978ರಲ್ಲಿಯೇ ಈ ಕಟ್ಟಡವನ್ನು ರಕ್ಷಿತ ಎಂದು ಗೊತ್ತುಮಾಡಿತ್ತು. ಮಾಲೀಕರು ಕಟ್ಟಡಕ್ಕೆ ಏನು ಸೇರಿಸಬೇಕಿದ್ದರೂ ಪಾಲಿಕೆಯ ಅನುಮತಿ ಬೇಕು. ಅಂದರೆ ಕೀಲಿಕೈ ಚುನಾಯಿತ ಸದಸ್ಯರ ಕೈಯಲ್ಲಿತ್ತು. ಅವರು ಅದನ್ನು ಏನು ಮಾಡಿದರು?

ವ್ಯಾಂಕೂವರ್ ಮೂಲದ ಲಾರ್ಕೊ ಇನ್ವೆಸ್ಟ್‌ಮೆಂಟ್ಸ್ ಎಂಬ ಮಾಲೀಕ ಸಂಸ್ಥೆ 2016ರ ಮೊದಲ ನಕ್ಷೆಯನ್ನು ಜನರ ವಿರೋಧ ಕಂಡು ಹಿಂತೆಗೆದುಕೊಂಡಿತು. ಬದಲಿಗೆ ಇನ್ನೊಂದು, ಅದರ ಮೇಲೆ ಮತ್ತೊಂದು ನಕ್ಷೆ ಬಂದಿತು. ಅಂತಸ್ತುಗಳು ಏರಿದವು, ಇಳಿದವು. ಗಾಜು ಕಡಿಮೆಯಾಗಿ ಕಲ್ಲು ಹೆಚ್ಚಾಯಿತು. ಪೆಟ್ಟಿಗೆ ಮಾತ್ರ ಪೆಟ್ಟಿಗೆಯಾಗಿಯೇ ಉಳಿಯಿತು. 2018ರ ಜೂನ್‌ನಲ್ಲಿ ವಿಷಯ ಪಾಲಿಕೆಯ ಮುಂದೆ ಬಂದಾಗ ಸದಸ್ಯರಿಗೆ ಎರಡು ನೇರ ದಾರಿಗಳಿದ್ದವು: ನಕ್ಷೆ ಸರಿಯಿದೆಯೆಂದು ಒಪ್ಪುವುದು, ಇಲ್ಲವೆಂದು ತಿರಸ್ಕರಿಸುವುದು. ಅವರು ಮೂರನೆಯದನ್ನು ಹಿಡಿದರು. ಅನುಮತಿ ಕೊಟ್ಟರು, ಜೊತೆಗೆ ಷರತ್ತುಗಳನ್ನು ಸೇರಿಸಿದರು. ಇಂಡಿಯಾನಾ ಸುಣ್ಣಕಲ್ಲನ್ನು ಇನ್ನಷ್ಟು ಬಳಸಬೇಕು. ಉದ್ಯಾನದ ಕಡೆಗಿನ ಗೋಡೆಯ ಏಕತಾನತೆಯನ್ನು ಮುರಿಯಬೇಕು. ಹಳೆಯ ಕಟ್ಟಡದ ಆಕಾರ, ಅನುಪಾತಗಳಿಂದ ಹೆಚ್ಚು ಪ್ರೇರಣೆ ಪಡೆಯಬೇಕು. ಇವು ಈಡೇರಿವೆಯೇ ಎಂದು ತೀರ್ಮಾನಿಸುವ ಅಧಿಕಾರವನ್ನು ಪಾಲಿಕೆಯ ಯೋಜನಾ ಅಧಿಕಾರಿಗಳಿಗೆ ವಹಿಸಿದರು. ಅದೇ ಅಕ್ಟೋಬರ್‌ನಲ್ಲಿ ಪಾಲಿಕೆಗೆ ಚುನಾವಣೆ ಇತ್ತು. ಜಾಣತನವೆಂದರೆ ಇದೇ: ಮಾಲೀಕನಿಗೆ ಅನುಮತಿ ತೋರಿಸಬಹುದು, ಮತದಾರನಿಗೆ ಷರತ್ತು ತೋರಿಸಬಹುದು.

‘ಪ್ರೇರಣೆ ಪಡೆಯಬೇಕು’ ಎಂಬ ಷರತ್ತನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಮೀಟರಿನಲ್ಲಿಯೋ, ಕಿಲೋಗ್ರಾಮಿನಲ್ಲಿಯೋ? ಅಳೆಯಲಾಗದ ಷರತ್ತು ಷರತ್ತೇ ಅಲ್ಲ. ಅದು ಮುಜುಗರ ತಪ್ಪಿಸಿಕೊಳ್ಳಲು ಬರೆದ ವಾಕ್ಯ ಅಷ್ಟೆ.

ಮಲೆನಾಡಿನ ಓದುಗರಿಗೆ ಈ ಭಾಷೆ ಎಲ್ಲಿಯೋ ಕೇಳಿದಂತೆ ತೋರಿದರೆ ಆಶ್ಚರ್ಯವಿಲ್ಲ. ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ದೊರೆಯುವ ಅನುಮತಿಪತ್ರಗಳು ಷರತ್ತುಗಳ ಪಟ್ಟಿಯನ್ನು ಹೊತ್ತೇ ಬರುತ್ತವೆ. ಪಾಲನೆಯ ವರದಿಯನ್ನು ಆರು ತಿಂಗಳಿಗೊಮ್ಮೆ ಬರೆದು ಕಳಿಸುವವನು ಯೋಜನೆಯ ಒಡೆಯನೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ 2023ರಲ್ಲಿ ಹೆಸರು ಬದಲಿಸಿಕೊಂಡಿತು. ‘ತಾತ್ವಿಕ ಒಪ್ಪಿಗೆ’ ಎಂಬ ಮೊದಲ ಮೆಟ್ಟಿಲು ಹಾಗೆಯೇ ಉಳಿಯಿತು. ತಾತ್ವಿಕವಾಗಿ ಒಪ್ಪಿದ ಮೇಲೆ ಯಂತ್ರ ಉರುಳಲು ತೊಡಗುತ್ತದೆ. ಸಮೀಕ್ಷೆಯ ಕಲ್ಲು ನೆಡುತ್ತಾರೆ, ಗುತ್ತಿಗೆದಾರ ಬಂದು ಹೋಗುತ್ತಾನೆ, ಹಣ ಖರ್ಚಾಗುತ್ತದೆ. ಎರಡನೇ ಹಂತದಲ್ಲಿ ಯಾರಾದರೂ ಬೇಡವೆಂದರೆ ‘ಇಷ್ಟು ಮುಂದೆ ಬಂದಮೇಲೆ ಹಿಂದೆ ಹೋಗುವುದುಂಟೇ’ ಎಂಬ ಮಾತು ಸಿದ್ಧವಾಗಿರುತ್ತದೆ.

ಒಟ್ಟಾವಾದಲ್ಲಿ ಆದದ್ದೂ ಅದೇ. 2019ರ ಮೇ ತಿಂಗಳಲ್ಲಿ ಐದನೆಯ ನಕ್ಷೆ ಹೊರಬಂದಿತು: ಏಳು ಅಂತಸ್ತು, 147 ಕೋಣೆ, ಉದ್ಯಾನದ ಕಡೆಯ ನೋಟವನ್ನೆಲ್ಲ ಮುಚ್ಚುವ ಉದ್ದನೆಯ ಗೋಡೆ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಸಾಲು ಸಾಲು ಪಟ್ಟಿಗಳು. ಜನ ಅದಕ್ಕೆ ‘ರೇಡಿಯೇಟರ್’ ಎಂದು ಹೆಸರಿಟ್ಟರು. ಚಳಿಯ ದೇಶಗಳ ಮನೆಗಳಲ್ಲಿ ಕೋಣೆ ಬೆಚ್ಚಗಿಡಲು ಗೋಡೆಗೆ ಒರಗಿಸಿಡುವ, ಪಟ್ಟಿ ಪಟ್ಟಿಯಾಗಿರುವ ಲೋಹದ ಉಪಕರಣವದು. ಮೂರು ವರ್ಷಗಳ ವರದಿಗಳೂ ವಿವರಣೆಗಳೂ ಹೇಳದೆ ಹೋದದ್ದನ್ನು ಆ ಒಂದು ಅಡ್ಡಹೆಸರು ಹೇಳಿಬಿಟ್ಟಿತು. ಆದರೆ ಅಧಿಕಾರಿಗಳ ವರದಿಯ ಪ್ರಕಾರ ಷರತ್ತುಗಳು ಈಡೇರಿದ್ದವು. ಹೊಸದಾಗಿ ಆರಿಸಿ ಬಂದ ಪಾಲಿಕೆಯಲ್ಲಿ ಕೆಲವು ಸದಸ್ಯರು ಎದ್ದುನಿಂತು, 2018ರ ಅನುಮತಿಯನ್ನೇ ರದ್ದುಗೊಳಿಸಬೇಕೆಂದು ಜುಲೈನಲ್ಲಿ ನಿರ್ಣಯ ಮಂಡಿಸಿದರು. ಕೊಟ್ಟ ಅನುಮತಿಯನ್ನು ಹಿಂತೆಗೆದರೆ ಕಾನೂನಿನ ತೊಡಕು ಬಂದೀತೆಂಬ ಭಯ ಸಭೆಯನ್ನು ಆವರಿಸಿತ್ತು. ನಿರ್ಣಯ ಬಹುಮತದಿಂದ ಬಿದ್ದುಹೋಯಿತು. ಕೀಲಿಕೈಯನ್ನು ಒಂದು ವರ್ಷದ ಹಿಂದೆಯೇ ಕೊಟ್ಟುಬಿಟ್ಟಿದ್ದವರು, ಬಾಗಿಲು ಮುಚ್ಚಲು ಬರುವುದಿಲ್ಲವೆಂದು ಗೋಳಾಡಿದರು.

ಅಲ್ಲಿಗೆ ಎಲ್ಲವೂ ಮುಗಿದಂತೆಯೇ ಇತ್ತು. ಮುಗಿಯದಂತೆ ತಡೆದದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಚಿಕ್ಕ ವಿಷಯ. ಹೊಸ ಕಟ್ಟಡ ಹಿಂಬದಿಯ ಗಡಿಯಿಂದ ಬಿಡಬೇಕಾದಷ್ಟು ತೆರಪನ್ನು ಬಿಡುತ್ತಿರಲಿಲ್ಲ. ಕರ್ನಾಟಕದ ಪಟ್ಟಣಗಳಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ‘ಸೆಟ್‌ಬ್ಯಾಕ್’ ಎಂಬುದೇ ಇದು. ಈ ರಿಯಾಯಿತಿಯನ್ನು ಕೊಡುವ ಅಧಿಕಾರ ಪಾಲಿಕೆಯಿಂದ ಪ್ರತ್ಯೇಕವಾದ ಪುಟ್ಟ ಸಮಿತಿಯೊಂದರ ಕೈಯಲ್ಲಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಆ ಸಮಿತಿ ರಿಯಾಯಿತಿಯನ್ನು ನಿರಾಕರಿಸಿತು. ಮಾಲೀಕರು ಪ್ರಾಂತ್ಯದ ನ್ಯಾಯಮಂಡಳಿಗೆ ಮೇಲ್ಮನವಿ ಹೋದರು. ‘ಹೆರಿಟೇಜ್ ಒಟ್ಟಾವಾ’ ಎಂಬ ಸ್ವಯಂಸೇವಕರ ಸಂಸ್ಥೆ ವಕೀಲರ ಖರ್ಚಿಗೆ ಊರಿನಿಂದ ದೇಣಿಗೆ ಎತ್ತಿ ಅಲ್ಲಿ ಎದುರುವಾದಿಯಾಗಿ ನಿಂತಿತು. ತೆರಿಗೆ ಕೊಟ್ಟು ಪಾಲಿಕೆಯನ್ನು ಸಾಕಿದ ಜನ, ಪಾಲಿಕೆ ಮಾಡಬೇಕಿದ್ದ ಕೆಲಸಕ್ಕೆ ಮತ್ತೊಮ್ಮೆ ಕೈಯಿಂದ ಕೊಟ್ಟರು.

ಅರ್ಧ ಓದಿದ ಸೂತ್ರ

ಇಂಥ ಪೆಟ್ಟಿಗೆಗಳನ್ನು ಸಮರ್ಥಿಸುವವರು ಪಾಮರರಲ್ಲ. ಅವರ ಬಳಿ ಸಿದ್ಧಾಂತವಿದೆ. ಹಳೆಯ ಕಟ್ಟಡಕ್ಕೆ ಹೊಸದನ್ನು ಸೇರಿಸುವಾಗ ಹಳೆಯದರ ನಕಲು ಮಾಡಕೂಡದು, ಹೊಸದು ತನ್ನ ಕಾಲವನ್ನು ಸಾರಬೇಕು, ಇಲ್ಲವಾದರೆ ಮುಂದಿನ ಪೀಳಿಗೆಗೆ ಸುಳ್ಳು ಚರಿತ್ರೆ ಉಳಿಯುತ್ತದೆ ಎಂಬುದು ಅವರ ವಾದ. ಇದು ಸುಮ್ಮನೆ ತಳ್ಳಿಹಾಕುವ ವಾದವಲ್ಲ. 1964ರ ವೆನಿಸ್ ಸನ್ನದು ಎಂಬ ಅಂತಾರಾಷ್ಟ್ರೀಯ ಒಪ್ಪಂದ ದುರಸ್ತಿಯ ಸಂದರ್ಭದಲ್ಲಿ ಅಂಥ ಮಾತನ್ನು ಹೇಳುತ್ತದೆ. ಕೆನಡಾದ ಸರ್ಕಾರಗಳು ಪಾರಂಪರಿಕ ತಾಣಗಳಿಗಾಗಿ 2003ರಲ್ಲಿ ರೂಪಿಸಿ 2010ರಲ್ಲಿ ಪರಿಷ್ಕರಿಸಿದ ಮಾನದಂಡಗಳೂ ಹೊಸದನ್ನು ಹಳೆಯದರಿಂದ ಬೇರೆಯೆಂದು ಗುರುತಿಸುವಂತಿರಬೇಕು ಎನ್ನುತ್ತವೆ.

ಆದರೆ ಅದೇ ಮಾನದಂಡದ ಅದೇ ಸಾಲಿನಲ್ಲಿ ಮೂರು ಮಾತುಗಳಿವೆ. ಹೊಸದು ಹಳೆಯದರೊಂದಿಗೆ ಹೊಂದಿಕೊಳ್ಳಬೇಕು, ಅದಕ್ಕೆ ಅಧೀನವಾಗಿರಬೇಕು, ಅದರಿಂದ ಬೇರೆಯೆಂದು ಗುರುತಿಸಲು ಬರಬೇಕು. ಹೊಂದಿಕೆ, ಅಧೀನತೆ, ಭಿನ್ನತೆ. ಮೂರನ್ನೂ ಏಕಕಾಲಕ್ಕೆ ಸಾಧಿಸುವುದು ಕಷ್ಟ. ಅದಕ್ಕಾಗಿಯೇ ವಾಸ್ತುಶಿಲ್ಪಿಗೆ ಸಂಭಾವನೆ ಕೊಡುವುದು. ಮೂರನೆಯದನ್ನು ಮಾತ್ರ ಉರು ಹೊಡೆದು ಮೊದಲೆರಡನ್ನು ಮರೆತವನು ಸೂತ್ರವನ್ನು ಪಾಲಿಸಿದಂತಾಗುವುದಿಲ್ಲ. ವೆನಿಸ್ ಸನ್ನದು ಕೂಡ ಸೇರ್ಪಡೆಗಳ ಬಗ್ಗೆ ಬೇರೆಯೇ ವಿಧಿಯಲ್ಲಿ ಮಾತನಾಡುತ್ತದೆ: ಕಟ್ಟಡದ ಮುಖ್ಯ ಭಾಗಗಳಿಗೆ, ಅದರ ಪರಂಪರಾಗತ ಆವರಣಕ್ಕೆ, ರಚನೆಯ ಸಮತೋಲಕ್ಕೆ, ಸುತ್ತಲಿನ ಪರಿಸರದೊಡನೆ ಅದಕ್ಕಿರುವ ಸಂಬಂಧಕ್ಕೆ ಕುಂದು ತರುವ ಸೇರ್ಪಡೆಗೆ ಅವಕಾಶವಿಲ್ಲ. ಶಾಟೊ ಲಾರಿಯೆಯ ಪೆಟ್ಟಿಗೆ ಈ ನಾಲ್ಕರಲ್ಲಿ ಯಾವುದನ್ನು ಉಳಿಸಿತ್ತು?

ಆವರಣ ಎಂಬ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಪರಿಸರದ ಪತ್ರಿಕೆಗೂ ಹೋಟೆಲಿಗೂ ಏನು ನಂಟು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ನದಿ, ಕಾಲುವೆ, ಸಂಸತ್ತಿನ ಗುಡ್ಡ, ಉದ್ಯಾನದ ದಿಬ್ಬ, ಅದರ ಅಂಚಿಗೆ ಕೋಟೆಮನೆಯಂಥ ಕಟ್ಟಡ, ಇವೆಲ್ಲ ಸೇರಿ ಒಂದೇ ನೋಟ. ಅದರಲ್ಲಿ ಹೋಟೆಲು ಮಾತ್ರ ಕಂಪನಿಯದು, ನೋಟ ಕಂಪನಿಯದಲ್ಲ. ನೋಟಕ್ಕೆ ಪಹಣಿ ಇಲ್ಲ, ಖಾತೆ ಇಲ್ಲ, ಕಂದಾಯವೂ ಇಲ್ಲ. ಹಾಗೆಂದು ಅದು ಯಾರದೂ ಅಲ್ಲವೆಂದು ಅರ್ಥವಲ್ಲ. ಗೋಮಾಳ, ಸೊಪ್ಪಿನಬೆಟ್ಟ, ದೇವರಕಾಡುಗಳ ನಡುವೆ ಬೆಳೆದವರಿಗೆ ಎಲ್ಲರಿಗೂ ಸೇರಿದ ಸೊತ್ತೆಂದರೇನೆಂದು ನಗರದ ವಕೀಲರಿಗಿಂತ ಚೆನ್ನಾಗಿ ಗೊತ್ತು. ಬೇಲಿ ಹಾಕದೆ ಬಿಟ್ಟದ್ದನ್ನು ಮೊದಲು ಬೇಲಿ ಹಾಕಿದವನೇ ನುಂಗುತ್ತಾನೆಂಬುದೂ ಗೊತ್ತು.

ಕೋಣೆಗಳು ಹೆಚ್ಚದಿದ್ದರೆ ಹಳೆಯ ಹೋಟೆಲು ನಷ್ಟಕ್ಕೆ ಬೀಳುತ್ತದೆ, ಆಗ ಹಳೆಯದರ ದುರಸ್ತಿಗೂ ಹಣವಿರುವುದಿಲ್ಲ ಎಂಬ ವಾದ ಇನ್ನೂ ಒಂದಿದೆ. ಈ ವಾದಕ್ಕೆ ಉತ್ತರವನ್ನು ಮಾಲೀಕರೇ ಕೊಟ್ಟರು. ನ್ಯಾಯಮಂಡಳಿಯ ಮುಂದೆ ವಿಚಾರಣೆ ನಡೆಯುವುದಕ್ಕೆ ಮೊದಲೇ 2020ರಲ್ಲಿ ಎರಡೂ ಕಡೆಯವರು ಮಾತುಕತೆಗೆ ಕುಳಿತರು. ಅದೇ ವಾಸ್ತುಶಿಲ್ಪಿ ಹೊಸ ನಕ್ಷೆ ಬರೆದರು. ಉದ್ದನೆಯ ಗೋಡೆ ಹೋಯಿತು. ಅದರ ಬದಲಿಗೆ ಹತ್ತು ಹಾಗೂ ಹನ್ನೊಂದು ಅಂತಸ್ತಿನ ಎರಡು ಬಿಡಿ ಗೋಪುರಗಳು, ಅವನ್ನು ಜೋಡಿಸುವ ತಗ್ಗಿನ ಕಟ್ಟಡ, ಆ ತಗ್ಗಿನ ಮೇಲಿಂದ ಉದ್ಯಾನಕ್ಕೆ ಮತ್ತೆ ಕಾಣುವ ಹಳೆಯ ಹೋಟೆಲು. ಹೊರಮೈಗೆ ಸುಣ್ಣಕಲ್ಲು ಮತ್ತು ತಾಮ್ರ. 2021ರ ಫೆಬ್ರವರಿಯಲ್ಲಿ ಪಾಲಿಕೆ ಇದಕ್ಕೆ ಒಪ್ಪಿತು. ಇದರಲ್ಲಿ ಕೋಣೆಗಳೆಷ್ಟು? 159. ಜನರನ್ನು ಕೆರಳಿಸಿದ ‘ರೇಡಿಯೇಟರ್’ನಲ್ಲಿ ಇದ್ದದ್ದಕ್ಕಿಂತ ಹನ್ನೆರಡು ಹೆಚ್ಚು! ಲಾಭಕ್ಕೂ ಲಾವಣ್ಯಕ್ಕೂ ಹೊಂದುವುದೇ ಇಲ್ಲವೆಂದು ನಾಲ್ಕು ವರ್ಷ ಹೇಳಿದ್ದೆಲ್ಲ ಯಾವುದರ ಮೇಲೆ ನಿಂತಿತ್ತು? ಸೋಮಾರಿತನದ ಮೇಲೆ. ಅನುಮತಿ ಹೇಗೂ ಸಿಗುವಾಗ ಒಳ್ಳೆಯ ನಕ್ಷೆಗಾಗಿ ತಲೆ ಕೆಡಿಸಿಕೊಳ್ಳುವವರು ಯಾರು?

ಹಾಗೆಂದು ಆ ಒಪ್ಪಂದವನ್ನು ಹೊಗಳಿ ಹಾಡಬೇಕಾಗಿಲ್ಲ. ಹನ್ನೊಂದು ಅಂತಸ್ತು ಸಣ್ಣದೇನೂ ಅಲ್ಲ. 1929ರ ವಿಭಾಗದ ವಿನಯ ಅದರಲ್ಲಿಲ್ಲ. ಮಾತುಕತೆ ನಡೆದದ್ದೂ ಮುಚ್ಚಿದ ಬಾಗಿಲ ಹಿಂದೆ. ದೇಣಿಗೆ ಕೊಟ್ಟ ಊರಿಗೆ ನಕ್ಷೆ ಕಂಡದ್ದು ಎಲ್ಲ ತೀರ್ಮಾನವಾದ ಬಳಿಕ. ಮೊದಲಿನದಕ್ಕಿಂತ ಎಷ್ಟೋ ವಾಸಿ ಎಂಬುದಷ್ಟೇ ನ್ಯಾಯವಾದ ಮಾತು. 2018ರ ಜೂನ್‌ನಲ್ಲಿ ಪಾಲಿಕೆಯವರು ‘ಕೊನೆಯ ನಕ್ಷೆ ತನ್ನಿ, ಆಮೇಲೆ ಮಾತು’ ಎಂದಿದ್ದರೆ ಎರಡೂವರೆ ವರ್ಷದ ಜಗಳ, ವಕೀಲರ ಖರ್ಚು, ದೇಣಿಗೆಯ ಡಬ್ಬಿ ಯಾವುದೂ ಬೇಕಾಗುತ್ತಿರಲಿಲ್ಲ.

ಮುಂಬಯಿಯ ಗೋಪುರ, ಮೈಸೂರಿನ ಮರಗಳು

ಒಟ್ಟಾವಾದಲ್ಲಿ ಕಟ್ಟುವ ಮೊದಲೇ ಜಗಳ ನಡೆಯಿತು. ಜಗಳ ನಡೆಯದಿದ್ದರೆ ಏನಾಗುತ್ತದೆಂದು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಮುಂಬಯಿಯ ಅಪೋಲೊ ಬಂದರಿನಲ್ಲಿ 1903ರಲ್ಲಿ ತೆರೆದ ತಾಜ್ ಮಹಲ್ ಹೋಟೆಲಿನ ಪಕ್ಕದಲ್ಲಿ ಗ್ರೀನ್ಸ್ ಎಂಬ ಹಳೆಯ ಹೋಟೆಲೊಂದಿತ್ತು. 1970ರ ದಶಕದ ಆರಂಭದಲ್ಲಿ ಅದನ್ನು ಕೆಡವಿ ಆ ಜಾಗದಲ್ಲಿ ಬಹು ಅಂತಸ್ತಿನ ಗೋಪುರ ಎಬ್ಬಿಸಿದರು. ಪಾರಂಪರಿಕ ಕಟ್ಟಡಗಳನ್ನು ಕಾಯುವ ನಿಯಮಾವಳಿ ಮು೦ಬಯಿಗೆ ಬಂದದ್ದು 1995ರಲ್ಲಿ. ಗೋಪುರ ಎದ್ದಾಗ ಕೇಳುವ ನಿಯಮವೂ ಇರಲಿಲ್ಲ. ಗೋಪುರದ ತಲೆಗೆ ಕಮಾನುಗಳ ಸಾಲು ತೊಡಿಸಿ ಹಳೆಯದರೊಡನೆ ನಂಟು ತೋರಿಸುವ ಪ್ರಯತ್ನ ಮಾಡಿದ್ದಾರೆ. ಆದರೆ ಸಮುದ್ರದ ಕಡೆಯಿಂದ ಬರುವ ದೋಣಿಯಲ್ಲಿ ಕುಳಿತು ನೋಡಿದರೆ ಗುಮ್ಮಟದ ಮೇಲೆ ನಿಲ್ಲಬೇಕಾದ ಕಣ್ಣು ಗೋಪುರಕ್ಕೆ ಹೋಗಿ ಬಡಿಯುತ್ತದೆ. ಹುಟ್ಟಿದಂದಿನಿಂದ ಅದನ್ನೇ ನೋಡುತ್ತ ಬೆಳೆದವರಿಗೆ ಈಗ ಅದು ಸಹಜವೆನಿಸಿದೆ. ಅಭ್ಯಾಸವಾಯಿತೆಂಬ ಕಾರಣಕ್ಕೆ ಗಾಯ ವಾಸಿಯಾಯಿತೆಂದು ತಿಳಿಯಬಾರದು.

ಕರ್ನಾಟಕದಲ್ಲಿಯೂ ಇಂಥ ಒಂದು ಹೋಟೆಲಿದೆ. ಮೈಸೂರಿನ ಚಾಮುಂಡಿಬೆಟ್ಟದ ಬುಡದ ಲಲಿತಮಹಲ್ ಅದು. ವೈಸ್‌ರಾಯ್ ಅತಿಥಿಯಾಗಿ ಬಂದಾಗ ಇಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಬಿಳಿಯ ಅರಮನೆ, 1921ರಲ್ಲಿ ಅಡಿಗಲ್ಲು, 1931ರಲ್ಲಿ ಪ್ರವೇಶ, ವಿನ್ಯಾಸ ಇ.ಡಬ್ಲ್ಯು. ಫ್ರಿಚ್ಲಿ ಅವರದು. 1974ರಿಂದ ಅದು ಹೋಟೆಲು, ಅದೂ ಸಾರ್ವಜನಿಕ ಒಡೆತನದ್ದು. ಆ ಅರಮನೆಯ ಅಂದದಲ್ಲಿ ಅರ್ಧ ಪಾಲು ಗುಮ್ಮಟದ್ದಾದರೆ ಉಳಿದರ್ಧ ಅದರ ಹಿಂದೆ ನಿಂತ ಬೆಟ್ಟದ್ದು, ಸುತ್ತಲ ಬಯಲಿನದು ಮತ್ತು ಮರಗಳದ್ದು. 2021ರಲ್ಲಿ ಹೆಲಿಕಾಪ್ಟರ್ ಪ್ರವಾಸೋದ್ಯಮದ ಹೆಸರಿನಲ್ಲಿ ಅದರ ಪಕ್ಕದ ನೆಲದ ಸಾವಿರಾರು ಮರಗಳನ್ನು ಕಡಿಯುವ ಪ್ರಸ್ತಾಪ ಬಂದಿತು. ಮೈಸೂರಿಗೆ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವೇ ಇರುವಾಗ! ಅರಣ್ಯ ಇಲಾಖೆ ಆಕ್ಷೇಪಣೆ ಆಹ್ವಾನಿಸಿದಾಗ ವಿದ್ಯಾರ್ಥಿಗಳು, ನಿವೃತ್ತ ನೌಕರರು, ಬೆಟ್ಟ ಹತ್ತುವ ವಾಯುವಿಹಾರಿಗಳು ಬರೆದರು, ಸಹಿ ಸಂಗ್ರಹಿಸಿದರು, ಮರಗಳ ಕೆಳಗೆ ಹೋಗಿ ನಿಂತರು. ಸರ್ಕಾರ ಹಿಂದೆ ಸರಿಯಿತು. ಅರಮನೆಯ ಒಂದು ಕಲ್ಲಿಗೂ ಕೈ ಹಚ್ಚದ ಆ ಯೋಜನೆಯನ್ನು ಅವರು ಅರಮನೆಯ ಮೇಲಿನ ದಾಳಿಯೆಂದೇ ಕಂಡರು. ಸರಿಯಾಗಿಯೇ ಕಂಡರು.

ಅಲ್ಲಿ ಜನ ಗೆದ್ದದ್ದು ಸಮಯಕ್ಕೆ ಸರಿಯಾಗಿ ಎದ್ದುದರಿಂದ. ಅನುಮತಿ ಇನ್ನೂ ಹೊರಟಿರಲಿಲ್ಲ, ಷರತ್ತುಗಳ ಪಟ್ಟಿ ಇನ್ನೂ ಟೈಪಾಗಿರಲಿಲ್ಲ. ಒಟ್ಟಾವಾದವರು ಒಂದು ವರ್ಷ ತಡವಾಗಿ ಎದ್ದು, ಸೆಟ್‌ಬ್ಯಾಕಿನ ಪುಣ್ಯದಿಂದ ಬಚಾವಾದರು. ಎಲ್ಲ ಊರಿಗೂ ಅಂಥ ಪುಣ್ಯ ಇರುವುದಿಲ್ಲ.

ಹಳೆಯ ಹೋಟೆಲಿಗಿರಲಿ, ಅರಮನೆಗಿರಲಿ, ಬೆಟ್ಟದ ನೆತ್ತಿಯ ಪ್ರವಾಸಿ ಮಂದಿರಕ್ಕಿರಲಿ, ಹೊಸ ವಿಭಾಗ ಕಟ್ಟುವ ಪ್ರಸ್ತಾಪ ಬಂದಾಗ ಗ್ರಾಮಸಭೆಯೂ ವಿದ್ಯಾರ್ಥಿ ಸಂಘವೂ ಅಹವಾಲು ಸಭೆಯಲ್ಲಿ ಕೇಳಬೇಕಾದ ಕಾಗದಗಳು ಹೆಚ್ಚಿಲ್ಲ. ಬಣ್ಣದ ಚಿತ್ರವಲ್ಲ, ಅಳತೆ ನಮೂದಿಸಿದ ಕೊನೆಯ ನಕ್ಷೆ. ಊರಿನವರು ದಿನವೂ ನಿಲ್ಲುವ ಜಾಗಗಳಾದ ಬಸ್ ನಿಲ್ದಾಣ, ಕೆರೆಯ ಏರಿ, ದೇವಸ್ಥಾನದ ಮೆಟ್ಟಿಲುಗಳಿಂದ ಹೊಸ ಕಟ್ಟಡ ಹೇಗೆ ಕಾಣುವುದೆಂದು ತೋರಿಸುವ ಚಿತ್ರ. ಹಾರುವ ಹಕ್ಕಿಗೆ ಹೇಗೆ ಕಾಣುವುದೆಂಬುದು ಬೇಡ. ಕಡಿಯುವ ಮರಗಳ ಜಾತಿವಾರು ಪಟ್ಟಿ. ಷರತ್ತುಗಳಿದ್ದರೆ ಅವು ಈಡೇರಿವೆಯೆಂದು ತೀರ್ಮಾನಿಸುವವರು ಯಾರು, ಆ ತೀರ್ಮಾನ ಯಾವ ಸಭೆಯಲ್ಲಿ ಎಲ್ಲರೆದುರು ಆಗುತ್ತದೆ ಎಂಬುದರ ಲಿಖಿತ ಉತ್ತರ. ಇವು ಮೇಜಿನ ಮೇಲೆ ಬರುವವರೆಗೆ ಸಭೆಯ ನಡಾವಳಿ ಪುಸ್ತಕದಲ್ಲಿ ‘ತಾತ್ವಿಕವಾಗಿ ಒಪ್ಪಲಾಯಿತು’ ಎಂಬ ಸಾಲನ್ನು ಬರೆಯಲು ಬಿಡಬಾರದು. ಬರೆದಿದ್ದರೆ ಅದರ ಕೆಳಗೆ ಸಹಿ ಹಾಕಬಾರದು.